ನರಸಾಪುರದ ಕೆರೆಗಳು ಅರಬ್ಬಿ ಸಮುದ್ರಕ್ಕೆ ಬಿದ್ದ ಕಥೆ

2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಪೈಪಿನಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಕಡೆಗೆ ಬಂತು. ಮೊದಲು ಲಕ್ಷ್ಮೀಸಾಗರ ಕೆರೆ, ಆಮೇಲೆ ನರಸಾಪುರ ಕೆರೆ. ವರ್ಷಗಟ್ಟಲೆ ಜಾಲಿ ಬೆಳೆದು ನಿಂತಿದ್ದ ಕೆರೆ ಅಂಗಳದಲ್ಲಿ ನೀರು ಕಾಣಿಸಿದ್ದೇ ತಡ, ನೋಡೋಕೆ ಸುತ್ತಲ ಊರುಗಳ ಜನ ಬೈಕು, ಟ್ರ್ಯಾಕ್ಟರ್ ಹತ್ತಿ ಬಂದರು. ಯಾವ ಕೆರೆಗೆ ನೀರು ಬಂತು, ಯಾವುದಕ್ಕೆ ಬಂದಿಲ್ಲ ಎಂದು ಒಂದು ನಕ್ಷೆ ಮಾಡಿ ವರದಿಯ ಜೊತೆ ಕೊಡೋಣ ಎಂದು ನಾನು ಹೊರಟೆ.

ನರಸಾಪುರದ ಸುತ್ತಮುತ್ತಲ ಕೆರೆಗಳ ಕಟ್ಟೆ ಮೇಲೆ ನಿಂತು ಫೋನಿನ ಜಿಪಿಎಸ್ ಆ್ಯಪ್ ತೋರಿಸಿದ ಅಂಕಿಗಳನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಎರಡು ಪುಟ ತುಂಬಿತು. ರಾತ್ರಿ ಲ್ಯಾಪ್‌ಟಾಪ್‌ನಲ್ಲಿ ಕ್ಯೂಜಿಐಎಸ್ ತೆರೆದು ಅಂಕಿಗಳನ್ನೆಲ್ಲ ಹಾಕಿದೆ. ನರಸಾಪುರದ ಪಶ್ಚಿಮಕ್ಕಿದ್ದ ಕೆರೆಗಳು ಚೆನ್ನಾಗಿ ಕೂತವು. ಪರದೆ ತುಂಬ ನೀಲಿ ಚುಕ್ಕಿ. ಇಷ್ಟೇ ಇರಬೇಕು ಅಂದುಕೊಂಡು ಚಿತ್ರ ಮಾಡಿ ಒಂದಿಬ್ಬರಿಗೆ ವಾಟ್ಸ್‌ಆ್ಯಪ್ ಮಾಡಿದೆ.

ಬೆಳಿಗ್ಗೆ ಪೂರ್ವದ ಕಡೆಯ ಒಂದು ಊರಿನ ಹಿರಿಯರು ಫೋನ್ ಮಾಡಿದರು. "ಏನಪ್ಪಾ, ನಮ್ಮ ಕೆರೇನೇ ಬಿಟ್ಟಿದ್ದೀಯಲ್ಲ. ನೀರೂ ಬರಲ್ಲ, ನಕ್ಷೆಗೂ ಬರಲ್ವಾ?"

ಬಿಟ್ಟಿರಲಿಲ್ಲ. ಅವರ ಕೆರೆ ಕಟ್ಟೆ ಮೇಲೆ ಅವರ ಜೊತೆಗೇ ನಿಂತು ಅಂಕಿ ಬರೆದುಕೊಂಡಿದ್ದೆ. ಲ್ಯಾಪ್‌ಟಾಪ್ ತೆರೆದು ನಕ್ಷೆಯನ್ನು ದೂರ ಸರಿಸಿ ನೋಡಿದರೆ ಪೂರ್ವದ ಕೆರೆಗಳೆಲ್ಲ ಒಟ್ಟಾಗಿ ಅರಬ್ಬಿ ಸಮುದ್ರದಲ್ಲಿ ತೇಲುತ್ತಿದ್ದವು. ಮಂಗಳೂರಿನಿಂದಲೂ ಆಚೆ, ಸುಮಾರು 300 ಕಿಲೋಮೀಟರ್ ದೂರದಲ್ಲಿ.

ತಪ್ಪು ಫೋನಿನದ್ದಲ್ಲ, ಕಂಪ್ಯೂಟರಿನದ್ದೂ ಅಲ್ಲ. ನನ್ನದು. ಅದರ ಕಾರಣ ಹುಡುಕುತ್ತಾ ಹೋದರೆ ಇನ್ನೂರು ವರ್ಷದ ಇತಿಹಾಸ ಬಿಚ್ಚಿಕೊಂಡಿತು. ಅದರಲ್ಲಿ ಬಹುಪಾಲು ನಡೆದದ್ದು ನಮ್ಮ ನೆಲದಲ್ಲೇ.

ನಕ್ಷತ್ರ ನೋಡಿ ದಾರಿ ಸರಿಪಡಿಸಿದವನು

1799. ಟಿಪ್ಪುವಿನ ಮೇಲೆ ಕೊನೆಯ ಯುದ್ಧ. ಶ್ರೀರಂಗಪಟ್ಟಣದ ಹತ್ತಿರ ಒಂದು ರಾತ್ರಿ ಬ್ರಿಟಿಷರ ಪಡೆಯೊಂದು ಕತ್ತಲಲ್ಲಿ ನಡೆಯುತ್ತಿತ್ತು. ದಕ್ಷಿಣಕ್ಕೆ ಹೋಗಬೇಕಿದ್ದವರು ಉತ್ತರಕ್ಕೆ, ನೇರ ಟಿಪ್ಪುವಿನ ಸೈನ್ಯ ಇದ್ದ ಕಡೆಗೆ ಹೋಗುತ್ತಿದ್ದರು. ಆಕಾಶದ ನಕ್ಷತ್ರ ನೋಡಿ ದಿಕ್ಕು ತಪ್ಪಿದೆ ಎಂದು ಹೇಳಿದವನು ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ.

ಟಿಪ್ಪು ಸತ್ತ ಮೇಲೆ ಗೆದ್ದ ನೆಲ ಎಷ್ಟಿದೆ, ಯಾರಿಗೆ ಎಷ್ಟು ಎಂದು ಅಳೆಯಬೇಕಾಯಿತು. ಮೈಸೂರು ರಾಜ್ಯದ ಸರ್ವೆ ಕೆಲಸ ಕಾಲಿನ್ ಮೆಕೆಂಜಿಗೆ ಬಂತು. ಲ್ಯಾಂಬ್ಟನ್ ಬೇರೆಯೇ ಯೋಜನೆ ಮುಂದಿಟ್ಟ. ನೆಲದ ಮೇಲೆ ಒಂದೇ ಒಂದು ಗೆರೆಯನ್ನು ಸರಪಳಿ ಹಿಡಿದು ಬಹಳ ನಿಖರವಾಗಿ ಅಳೆಯುವುದು. ಅದೇ ಆಧಾರ ರೇಖೆ. ಅದರ ಎರಡು ತುದಿಯಿಂದ ದೂರದ ಬೆಟ್ಟವೊಂದನ್ನು ನೋಡಿ ಕೋನ ಅಳೆದರೆ ಒಂದು ತ್ರಿಕೋನ ಆಗುತ್ತದೆ. ಆ ತ್ರಿಕೋನದ ಬದಿಯಿಂದ ಇನ್ನೊಂದು ಬೆಟ್ಟ, ಇನ್ನೊಂದು ತ್ರಿಕೋನ. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ಲೆಕ್ಕದಲ್ಲೇ ದೇಶ ದಾಟುವುದು.

1800ರಲ್ಲಿ ಬೆಂಗಳೂರಿನ ಹತ್ತಿರ ಪ್ರಯೋಗಕ್ಕೆಂದು ಒಂದು ರೇಖೆ ಅಳೆದ. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ನಿಜವಾದ ಕೆಲಸ ಶುರುವಾಯಿತು. ಅಲ್ಲಿಂದ ತ್ರಿಕೋನಗಳು ನಮ್ಮ ಮೈಸೂರು ಸೀಮೆಯ ಬೆಟ್ಟಗಳನ್ನು ಹಾಯ್ದು ಮಂಗಳೂರಿನ ಕಡೆಗೆ ಹೋದವು. ಮದರಾಸಿನಿಂದ ಮಂಗಳೂರಿಗೆ 400 ಮೈಲಿ ಎಂದು ಹಳೆಯ ನಕ್ಷೆಗಳು ಹೇಳುತ್ತಿದ್ದವು. ಅಳೆದರೆ ಬಂದದ್ದು 360. ನಕ್ಷೆಯಲ್ಲಿದ್ದ ನಲವತ್ತು ಮೈಲಿ ನೆಲ ನೆಲದ ಮೇಲೆ ಇರಲೇ ಇಲ್ಲ.

ಇಲ್ಲಿ ಒಂದು ಮಾತು ಗಮನಿಸಿ. ಲ್ಯಾಂಬ್ಟನ್ ತನ್ನ ಲೆಕ್ಕವನ್ನೂ ಕಣ್ಣುಮುಚ್ಚಿ ನಂಬಲಿಲ್ಲ. 1804ರಲ್ಲಿ ಬೆಂಗಳೂರಿನ ಹತ್ತಿರ ಏಳು ಮೈಲಿಗೂ ಮೀರಿದ ಇನ್ನೊಂದು ರೇಖೆಯನ್ನು ಅವನ ತಂಡ ಸರಪಳಿ ಹಾಕಿ ಅಳೆಯಿತು. ಮದರಾಸಿನಿಂದ ತ್ರಿಕೋನದ ಲೆಕ್ಕದಲ್ಲಿ ಬಂದ ಉದ್ದಕ್ಕೂ ಸರಪಳಿಯಲ್ಲಿ ಬಂದ ಉದ್ದಕ್ಕೂ ಇದ್ದ ವ್ಯತ್ಯಾಸ ನಾಲ್ಕು ಅಂಗುಲದೊಳಗೆ. ಇನ್ನೊಂದು ಕಡೆಯಿಂದ ಅಳೆದು ತಾಳೆ ನೋಡುವುದು: ನಕ್ಷೆಯ ತಪ್ಪು ಹಿಡಿಯುವ ದಾರಿ ಇವತ್ತಿಗೂ ಅದೇ.

ಮುಂದೆ ಬೆಂಗಳೂರಿನಲ್ಲಿ 1868ರಲ್ಲಿ ಮತ್ತೊಮ್ಮೆ ಆಧಾರ ರೇಖೆ ಅಳೆದರು. ಅದರ ಒಂದು ತುದಿಯ ಸಣ್ಣ ಕಟ್ಟಡ ಹೆಣ್ಣೂರು–ಬಾಗಲೂರು ರಸ್ತೆಯ ಕಣ್ಣೂರಿನಲ್ಲಿತ್ತು. ಒಂದೂವರೆ ಶತಮಾನ ನಿಂತಿದ್ದ ಅದು 2024ರಲ್ಲಿ ನೆಲಕ್ಕೆ ಬಿತ್ತು.

ಗಡಿ ಅಳೆಯಲು ಬಂದವನಿಗೆ ಚಿನ್ನ

ಅದೇ 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಎಂಬವನು ಮೈಸೂರು ರಾಜ್ಯದ ಪೂರ್ವದ ಗಡಿ ಗುರುತಿಸಲು ನಮ್ಮ ಕಡೆ ಬಂದ. ಇಲ್ಲಿನ ಮಣ್ಣಲ್ಲಿ ಚಿನ್ನ ಸಿಗುತ್ತದೆ ಎಂದು ಜನ ಆಡಿಕೊಳ್ಳುವುದು ಅವನ ಕಿವಿಗೆ ಬಿತ್ತು. ತೋರಿಸಿದವರಿಗೆ ಇನಾಮು ಎಂದ. ಉರಿಗಾಂ ಕಡೆಯ ಹಳ್ಳಿಯವರು ಗಾಡಿಗಳಲ್ಲಿ ಮಣ್ಣು ತುಂಬಿಕೊಂಡು ಬಂದರು. ಅವನ ಎದುರೇ ಮಣ್ಣು ತೊಳೆದು ಚಿನ್ನದ ಕಣ ತೋರಿಸಿದರು. ಅವನು ಬರೆದಿಟ್ಟ ವರದಿಯನ್ನು ಎಪ್ಪತ್ತು ವರ್ಷದ ನಂತರ ಬೇರೊಬ್ಬರು ಓದಿದ್ದರಿಂದ ಕೋಲಾರದ ಗಣಿ ಕಥೆ ಶುರುವಾಯಿತು.

ಚಿನ್ನ ಅಲ್ಲಿರುವುದು ನಮ್ಮವರಿಗೆ ಮೊದಲೇ ಗೊತ್ತಿತ್ತು. ವಾರನ್ ಮಾಡಿದ್ದು ಅದನ್ನು ಊರಿನ ಹೆಸರು, ಜಾಗದ ಸಮೇತ ಬರೆದಿಟ್ಟದ್ದು. ಅಂದಿನಿಂದ ಅದು ಕಂಪನಿಯ ಕಾಗದ ಸೇರಿತು. ನಕ್ಷೆಗೆ ಏರಿದ ಮೇಲೆ ನೆಲದ ಯಜಮಾನಿಕೆಯೇ ಬದಲಾಗಬಹುದು ಎನ್ನುವುದಕ್ಕೆ ನಮ್ಮ ಜಿಲ್ಲೆಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ಎವರೆಸ್ಟ್ ಲೆಕ್ಕ, ಇನ್ನೂರು ಮೀಟರ್ ಜಾರಿಕೆ

ಲ್ಯಾಂಬ್ಟನ್‌ನ ದೊಡ್ಡ ಕೆಲಸ ಉತ್ತರ–ದಕ್ಷಿಣದ ಉದ್ದ ಸಾಲು. ಕನ್ಯಾಕುಮಾರಿಯಿಂದ ಹಿಮಾಲಯದ ತಪ್ಪಲಿನವರೆಗೆ, ಹೆಚ್ಚುಕಡಿಮೆ 78 ಡಿಗ್ರಿ ರೇಖಾಂಶದ ಆಸುಪಾಸಿನಲ್ಲಿ ತ್ರಿಕೋನಗಳ ಸರಣಿ. 1808ರಲ್ಲಿ ತಂಜಾವೂರಿನ ದೊಡ್ಡ ದೇವಸ್ಥಾನದ ಗೋಪುರಕ್ಕೆ ಏರಿಸುವಾಗ ಹಗ್ಗ ಕಿತ್ತು, ಅರ್ಧ ಟನ್ ತೂಕದ ಥಿಯೊಡೊಲೈಟ್ ಯಂತ್ರ ಗೋಡೆಗೆ ಬಡಿಯಿತು. ಕೋನ ಅಳೆಯುವ ಅದರ ಚಕ್ರ ಬಾಗಿತು. ಲ್ಯಾಂಬ್ಟನ್ ಆರು ವಾರ ಕೂತು ತಾನೇ ಸಣ್ಣ ಸುತ್ತಿಗೆ, ತಿರುಪು ಹಿಡಿದು ಅದನ್ನು ಮೊದಲಿನ ಆಕಾರಕ್ಕೆ ತಂದ. ನಕ್ಷೆ ಕೆಲಸದಲ್ಲಿ ರಿಪೇರಿ ಎನ್ನುವುದು ಕಂಪ್ಯೂಟರಿನ ಜೊತೆ ಬಂದದ್ದಲ್ಲ.

1823ರಲ್ಲಿ ಅವನು ತೀರಿಕೊಂಡ. ಕೆಲಸ ಮುಂದುವರಿಸಿದವನು ಜಾರ್ಜ್ ಎವರೆಸ್ಟ್. ಪರ್ವತಕ್ಕೆ ಇವನ ಹೆಸರೇ. ಭೂಮಿ ಪೂರ್ತಿ ದುಂಡಗಿಲ್ಲ, ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆ. ಎಷ್ಟು ಚಪ್ಪಟೆ, ಎಷ್ಟು ದಪ್ಪ ಎಂದು 1830ರಲ್ಲಿ ಎವರೆಸ್ಟ್ ಒಂದು ಲೆಕ್ಕ ಕೊಟ್ಟ. ಭಾರತದ ಸರ್ವೆ ನಕ್ಷೆಗಳು ಅದನ್ನೇ ಹಿಡಿದು, ಮಧ್ಯಪ್ರದೇಶದ ಕಲ್ಯಾಣಪುರ ಎಂಬ ಜಾಗವನ್ನು ಮೂಲವಾಗಿಟ್ಟು ತಯಾರಾದವು.

ಇವತ್ತು ನಿಮ್ಮ ಫೋನಿನ ಜಿಪಿಎಸ್ ಬಳಸುವುದು ಬೇರೆ ಲೆಕ್ಕ. ಅದರ ಹೆಸರು ಡಬ್ಲ್ಯುಜಿಎಸ್ 84. ಅಂದರೆ 1984ರ ಜಾಗತಿಕ ಲೆಕ್ಕ. ಎವರೆಸ್ಟ್ ಹೇಳಿದ ಭೂಮಿಯ ಅರೆ ಅಗಲ ಇದಕ್ಕಿಂತ ಸುಮಾರು 860 ಮೀಟರ್ ಕಡಿಮೆ. ಎರಡು ಲೆಕ್ಕದ ಮೂಲಬಿಂದುವೂ ಬೇರೆ. ಹಾಗಾಗಿ ಒಂದೇ ಡಿಗ್ರಿ ಅಂಕಿ ಹಳೆಯ ನಕ್ಷೆಯಲ್ಲಿ ಒಂದು ಜಾಗ, ಫೋನಿನಲ್ಲಿ ಇನ್ನೊಂದು ಜಾಗ. ನಮ್ಮ ಕಡೆ ಈ ವ್ಯತ್ಯಾಸ ಸುಮಾರು 200 ಮೀಟರ್.

200 ಮೀಟರ್ ಎಂದರೆ ಕೆರೆ ಕಟ್ಟೆಯಿಂದ ಇನ್ನೊಬ್ಬರ ಹೊಲಕ್ಕೆ. ಸರ್ಕಾರಿ ಗೋಮಾಳದಿಂದ ನಿಮ್ಮ ಮಾವಿನ ತೋಪಿಗೆ.

ಹಳೆಯ ಸರ್ವೆ ನಕ್ಷೆ ಸ್ಕ್ಯಾನ್ ಮಾಡಿ ಕ್ಯೂಜಿಐಎಸ್‌ನಲ್ಲಿ ಕೂರಿಸುವವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ನಕ್ಷೆಯ ನಾಲ್ಕು ಮೂಲೆಯಲ್ಲಿ ಡಿಗ್ರಿ ಬರೆದಿರುತ್ತದೆ. ಅದನ್ನು ಹಾಗೇ ಡಬ್ಲ್ಯುಜಿಎಸ್ 84 ಎಂದು ಕೊಟ್ಟರೆ ಕೆರೆ, ಕಾಲುವೆ, ದಾರಿ ಎಲ್ಲವೂ ಒಟ್ಟಿಗೆ ಒಂದೇ ಕಡೆಗೆ ಜಾರುತ್ತವೆ. ಎಲ್ಲವೂ ಒಂದೇ ಕಡೆಗೆ, ಒಂದೇ ದೂರ ಜಾರಿದ್ದರೆ ರೋಗ ಇದೇ ಎಂದು ತಿಳಿಯಿರಿ. ಮದ್ದು ಎರಡು. ನಕ್ಷೆಗೆ ಅದರದ್ದೇ ಲೆಕ್ಕ ಕೊಡಿ: ತಂತ್ರಾಂಶದ ಪಟ್ಟಿಯಲ್ಲಿ 'ಕಲ್ಯಾಣಪುರ 1975' ಎಂದು ಇರುತ್ತದೆ, ಸಂಖ್ಯೆ 4146. ಇಲ್ಲವೇ ಮೂಲೆಯ ಅಂಕಿ ಬಿಟ್ಟು, ಅಂದಿಗೂ ಇಂದಿಗೂ ಕದಲದ ಗುರುತುಗಳನ್ನು ಹಿಡಿದು ಕೂರಿಸಿ. ಹಳೆಯ ಗುಡಿ, ಕೆರೆ ಕಟ್ಟೆಯ ತುದಿ, ರೈಲು ಸೇತುವೆ.

2005ರ ರಾಷ್ಟ್ರೀಯ ನಕ್ಷೆ ನೀತಿ ಬಂದ ಮೇಲೆ ಸರ್ವೆ ಆಫ್ ಇಂಡಿಯಾ ಜನರಿಗಾಗಿ ಡಬ್ಲ್ಯುಜಿಎಸ್ 84 ಲೆಕ್ಕದ ಬೇರೆ ನಕ್ಷೆ ತಯಾರಿಸಿತು. ಹಳೆಯವು, ಹೊಸವು ಎರಡೂ ಇಂದು ಚಲಾವಣೆಯಲ್ಲಿವೆ. ಕೈಗೆ ಸಿಕ್ಕಿದ್ದು ಯಾವುದು ಎಂದು ಮೊದಲು ನೋಡಬೇಕು.

ನರಸಾಪುರ ಎರಡು ತೊಳೆಗಳ ನಡುವೆ

ಈಗ ನನ್ನ ಕೆರೆಗಳಿಗೆ ಬರೋಣ.

ದುಂಡಗಿನ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ತರಬೇಕು. ಮೋಸಂಬಿ ಸಿಪ್ಪೆಯನ್ನು ಇಡಿಯಾಗಿ ಹಲಗೆ ಮೇಲೆ ಒತ್ತಿದರೆ ಹರಿಯುತ್ತದೆ. ತೊಳೆ ತೊಳೆಯಾಗಿ ಸೀಳಿದರೆ ಒಂದೊಂದು ಸೀಳು ಹೆಚ್ಚು ಹರಿಯದೆ ಮಲಗುತ್ತದೆ. 1940ರ ದಶಕದಲ್ಲಿ ಅಮೆರಿಕದ ಸೈನ್ಯ ಇದೇ ಉಪಾಯ ಮಾಡಿತು. ಭೂಮಿಯನ್ನು 6 ಡಿಗ್ರಿ ಅಗಲದ 60 ತೊಳೆಗಳಾಗಿ ಸೀಳಿ ಒಂದರಿಂದ ಅರವತ್ತರವರೆಗೆ ಸಂಖ್ಯೆ ಕೊಟ್ಟಿತು. ಇದಕ್ಕೆ ಯುಟಿಎಂ ಎನ್ನುತ್ತಾರೆ. ಅಂಕಿಗಳು ಡಿಗ್ರಿಯಲ್ಲಿ ಅಲ್ಲ, ಮೀಟರಿನಲ್ಲಿ.

72ರಿಂದ 78 ಡಿಗ್ರಿವರೆಗೆ 43ನೇ ತೊಳೆ. 78ರಿಂದ 84ರವರೆಗೆ 44ನೇ ತೊಳೆ. ನಡುವಿನ 78 ಡಿಗ್ರಿ ಗೆರೆ ಹಾಯುವುದು ಎಲ್ಲಿ? ನಮ್ಮ ನರಸಾಪುರದ ಮಗ್ಗುಲಲ್ಲಿ.

ಮಾಲೂರು ಪಟ್ಟಣ 43ರಲ್ಲಿ. ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು 44ರಲ್ಲಿ. ಹಳೆಯ ಸರ್ವೆ ನಕ್ಷೆಯ ಹಾಳೆಗಳೂ ಇದೇ ಗೆರೆಯಲ್ಲಿ ಮುಗಿದು ಶುರುವಾಗುತ್ತವೆ. ಗೆರೆಯ ಪಶ್ಚಿಮಕ್ಕೆ 57 ಜಿ/16, ಪೂರ್ವಕ್ಕೆ 57 ಕೆ/4. ನರಸಾಪುರದ ಸುತ್ತಲಿನ ನಕ್ಷೆ ಬೇಕೆಂದರೆ ಎರಡು ಹಾಳೆ ಕೊಂಡು ಅಂಟಿಸಿಕೊಳ್ಳಬೇಕು.

ಪ್ರತಿ ತೊಳೆಯಲ್ಲೂ ನಡುಗೆರೆಗೆ 5 ಲಕ್ಷ ಮೀಟರ್ ಎಂದು ಹೆಸರಿಟ್ಟಿದ್ದಾರೆ. ಪೂರ್ವಕ್ಕೆ ಹೋದರೆ ಕೂಡುವುದು, ಪಶ್ಚಿಮಕ್ಕೆ ಹೋದರೆ ಕಳೆಯುವುದು. 43ರ ನಡುಗೆರೆ 75 ಡಿಗ್ರಿ, ಹುಬ್ಬಳ್ಳಿಯ ಹತ್ತಿರ ಹಾಯುತ್ತದೆ. 44ರ ನಡುಗೆರೆ 81 ಡಿಗ್ರಿ, ನಮ್ಮ ನೇರಕ್ಕೆ ಚೆನ್ನೈ ದಾಟಿ ಸಮುದ್ರದಲ್ಲಿದೆ. ನರಸಾಪುರ ಎರಡರಿಂದಲೂ ಸುಮಾರು 325 ಕಿಲೋಮೀಟರ್. ಹುಬ್ಬಳ್ಳಿ ಕಡೆಯಿಂದ ಅಳೆದರೆ 5 ಲಕ್ಷಕ್ಕೆ ಮೂರೂಕಾಲು ಲಕ್ಷ ಕೂಡಿ ಸುಮಾರು 8 ಲಕ್ಷ 25 ಸಾವಿರ. ಚೆನ್ನೈ ಕಡೆಯಿಂದ ಅಳೆದರೆ ಅಷ್ಟೇ ಕಳೆದು ಸುಮಾರು 1 ಲಕ್ಷ 75 ಸಾವಿರ. ಊರು ಒಂದೇ, ಅಂಕಿ ಎರಡು.

ನನ್ನ ಫೋನಿನ ಆ್ಯಪ್ ಜಾಣ. ಗೆರೆ ದಾಟಿದ ಕೂಡಲೇ ತಾನಾಗಿ 43 ಬಿಟ್ಟು 44ಕ್ಕೆ ಹೋಗುತ್ತಿತ್ತು. ಅಂಕಿಯ ಮುಂದೆ ಸಣ್ಣದಾಗಿ '43 ಪಿ', '44 ಪಿ' ಎಂದೂ ತೋರಿಸುತ್ತಿತ್ತು. ಇದೇನೋ ಬೇಡದ್ದು ಎಂದು ನಾನು ಅದನ್ನು ಬರೆದುಕೊಳ್ಳಲಿಲ್ಲ. ರಾತ್ರಿ ಎಲ್ಲವನ್ನೂ ಒಟ್ಟಿಗೆ 43 ಎಂದು ಹಾಕಿದೆ. ಪಶ್ಚಿಮದವು ಸರಿ ಕೂತವು. ಚೆನ್ನೈ ಕಡೆಯಿಂದ ಅಳೆದಿದ್ದ ಪೂರ್ವದ ಕೆರೆಗಳನ್ನು ಕಂಪ್ಯೂಟರ್ ಹುಬ್ಬಳ್ಳಿ ಕಡೆಯಿಂದ ಅಳೆದದ್ದು ಎಂದು ತಿಳಿದು 6 ಡಿಗ್ರಿ, ಅಂದರೆ ಸುಮಾರು 650 ಕಿಲೋಮೀಟರ್ ಪಶ್ಚಿಮಕ್ಕೆ ಎಸೆಯಿತು.

ಇದನ್ನು ಹಿಡಿಯಲು ತಂತ್ರಾಂಶವೇ ಬೇಕಿಲ್ಲ. ಪೂರ್ವ–ಪಶ್ಚಿಮದ ಅಂಕಿ ನೋಡಿ. ನಮ್ಮ ಸೀಮೆಯಲ್ಲಿ 8 ಲಕ್ಷದ ಮೇಲಿದ್ದರೆ ಅದು 43. ಒಂದು ಮುಕ್ಕಾಲು, ಎರಡು ಲಕ್ಷದ ಆಸುಪಾಸಿದ್ದರೆ ಅದು 44. ಮಾಲೂರು 43ರಲ್ಲಿ ಸುಮಾರು 8 ಲಕ್ಷ 19 ಸಾವಿರ. ಕೋಲಾರ 44ರಲ್ಲಿ ಸುಮಾರು 1 ಲಕ್ಷ 89 ಸಾವಿರ, ಮುಳಬಾಗಿಲು ಸುಮಾರು 2 ಲಕ್ಷ 17 ಸಾವಿರ.

ನಿಮ್ಮ ಮನೆ ಯಾವ ತೊಳೆಯಲ್ಲಿದೆ ಎಂದು ಈಗಲೇ ನೋಡಬಹುದು. ಫೋನಿನ ನಕ್ಷೆಯಲ್ಲಿ ಮನೆ ಮೇಲೆ ಬೆರಳು ಒತ್ತಿ ಹಿಡಿಯಿರಿ. ಎರಡು ಅಂಕಿ ಬರುತ್ತವೆ, 13 ಚಿಲ್ಲರೆ ಮತ್ತು 77 ಅಥವಾ 78 ಚಿಲ್ಲರೆ. ಎರಡನೆಯದು 77ರಲ್ಲಿದ್ದರೆ 43, 78ರಲ್ಲಿದ್ದರೆ 44.

ಲೇಬಲ್ ಬದಲಿಸುವುದು ಬೇರೆ, ಲೆಕ್ಕ ಬದಲಿಸುವುದು ಬೇರೆ

ಕ್ಯೂಜಿಐಎಸ್ ಶುರುವಾದದ್ದು 2002ರಲ್ಲಿ. ಅಲಾಸ್ಕದಲ್ಲಿದ್ದ ಗ್ಯಾರಿ ಶರ್ಮನ್ ತನ್ನ ಕೆಲಸಕ್ಕೆಂದು ಬರೆದದ್ದು. 2009ರಲ್ಲಿ ಮೊದಲ ಪೂರ್ಣ ಆವೃತ್ತಿ ಬಂತು. ದುಡ್ಡಿಲ್ಲದೆ ಸಿಗುತ್ತದೆ, ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ನಕ್ಷೆ ಮಾಡುವ ನಿಯಮ ಸಡಿಲಿಸಿದ ಮೇಲೆ ನನ್ನಂಥವರೂ ಮುಂಚಿತ ಅನುಮತಿ ಇಲ್ಲದೆ ನಕ್ಷೆ ಮಾಡಬಹುದು. ಹಾಗಾಗಿ ನಿಮ್ಮ ವಾಟ್ಸ್‌ಆ್ಯಪ್‌ಗೆ ಬರುವ ನಕ್ಷೆಗಳೂ ಹೆಚ್ಚು, ತಪ್ಪುಗಳೂ ಹೆಚ್ಚು.

ಅದರಲ್ಲಿ ಪ್ರತಿ ಲೆಕ್ಕಕ್ಕೂ ಒಂದು ಇಪಿಎಸ್‌ಜಿ ಸಂಖ್ಯೆ ಇದೆ. ಈ ಸಂಖ್ಯೆಗಳನ್ನು ಮೊದಲು ಪಟ್ಟಿ ಮಾಡಿದವರು ಯುರೋಪಿನ ಪೆಟ್ರೋಲ್ ಕಂಪನಿಗಳ ಸರ್ವೆಯವರು. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ತಿಳಿಯದೆ ತಪ್ಪು ಜಾಗದಲ್ಲಿ ಬಾವಿ ಕೊರೆದರೆ ಆಗುವ ನಷ್ಟ ಅವರಿಗೆ ಗೊತ್ತು. ನಮಗೆ ಬೇಕಾದವು ಮೂರು. ಡಿಗ್ರಿ ಅಂಕಿಗೆ 4326. 43ನೇ ತೊಳೆಗೆ 32643. 44ನೇ ತೊಳೆಗೆ 32644. ಕೊನೆಯ ಎರಡಂಕಿಯೇ ತೊಳೆಯ ಸಂಖ್ಯೆ.

ತಪ್ಪು ತಿದ್ದಲು ಹೋಗಿ ಹೆಚ್ಚಿನವರು ಇನ್ನೊಂದು ತಪ್ಪು ಮಾಡುತ್ತಾರೆ. ನಾನೂ ಮಾಡಿದೆ. ಇದಕ್ಕೆ ನಮ್ಮೂರ ಉದಾಹರಣೆ ಕೊಡುತ್ತೇನೆ. ಮುಳಬಾಗಿಲು ದಾಟಿ ಆಂಧ್ರಕ್ಕೆ ಹೋದರೆ ಜಮೀನು ಸೆಂಟಿನಲ್ಲಿ ಹೇಳುತ್ತಾರೆ. ಎಕರೆಗೆ ನಮ್ಮಲ್ಲಿ 40 ಗುಂಟೆ, ಅವರಲ್ಲಿ 100 ಸೆಂಟು. ನಿಮ್ಮ 20 ಗುಂಟೆ ಅವರಿಗೆ 50 ಸೆಂಟು. ಕಾಗದದಲ್ಲಿ 'ಗುಂಟೆ' ಹೊಡೆದು ಹಾಕಿ 'ಸೆಂಟು' ಎಂದು ಬರೆದು 20ನ್ನು ಹಾಗೇ ಬಿಟ್ಟರೆ ಅರ್ಧಕ್ಕಿಂತ ಹೆಚ್ಚು ಜಮೀನು ಹೋಯಿತು.

ಕ್ಯೂಜಿಐಎಸ್‌ನಲ್ಲಿ 'ಸೆಟ್ ಲೇಯರ್ ಸಿಆರ್‌ಎಸ್' ಎಂದರೆ ಲೇಬಲ್ ಅಂಟಿಸುವುದು. ಅಂಕಿ ಬದಲಾಗುವುದಿಲ್ಲ. ಈ ಅಂಕಿಗಳು ಇಂಥ ಲೆಕ್ಕದವು ಎಂದು ಹೇಳುವುದಷ್ಟೇ. ಲೇಬಲ್ ಇಲ್ಲದಿದ್ದರೆ ಅಥವಾ ತಪ್ಪಿದ್ದರೆ ಮಾತ್ರ ಅದನ್ನು ಒತ್ತಬೇಕು. 'ರಿಪ್ರೊಜೆಕ್ಟ್ ಲೇಯರ್' ಎಂದರೆ ಗುಂಟೆಯನ್ನು ಸೆಂಟಿಗೆ ಲೆಕ್ಕ ಹಾಕಿ ಬದಲಿಸುವುದು. ಮೊದಲು ಲೇಬಲ್ ಸರಿ ಮಾಡಿ, ಆಮೇಲೆ ಲೆಕ್ಕ ಬದಲಿಸಿ. ಈ ಕ್ರಮ ತಪ್ಪಿದರೆ ಕೆರೆ ಸಮುದ್ರಕ್ಕೇ.

ನಾನು ಕೊನೆಗೆ ಮಾಡಿದ್ದು ಇಷ್ಟು. 8 ಲಕ್ಷದ ಅಂಕಿಗಳನ್ನು ಒಂದು ಪಟ್ಟಿ, ಉಳಿದವನ್ನು ಇನ್ನೊಂದು ಪಟ್ಟಿ ಮಾಡಿದೆ. ಮೊದಲನೆಯದಕ್ಕೆ 32643, ಎರಡನೆಯದಕ್ಕೆ 32644 ಕೊಟ್ಟೆ. ಎರಡನ್ನೂ 4326ಕ್ಕೆ ಬದಲಿಸಿ ಒಂದಾಗಿ ಸೇರಿಸಿದೆ.

ದಿನಾ ಕಾಡುವ ಇನ್ನಷ್ಟು

ಡಿಗ್ರಿ ಅಂಕಿ ಹಾಕುವಾಗ ಹಿಂದುಮುಂದಾಗುವುದು ಮಾಮೂಲು. ಫೋನು 13 ಮೊದಲು, 78 ಆಮೇಲೆ ತೋರಿಸುತ್ತದೆ. ಕ್ಯೂಜಿಐಎಸ್ ಕೇಳುವ 'ಎಕ್ಸ್' ಎಂದರೆ 78, 'ವೈ' ಎಂದರೆ 13. ತಿರುವುಮುರುವಾದರೆ ಕೋಲಾರ ಹೋಗಿ ಉತ್ತರ ಧ್ರುವದ ದಾರಿಯಲ್ಲಿರುವ ಸ್ವಾಲ್‌ಬಾರ್ಡ್ ದ್ವೀಪದ ಪಕ್ಕ ಬೀಳುತ್ತದೆ. ಊರು ಹಿಮದಲ್ಲಿ ಕಂಡರೆ ಮೊದಲು ಇದನ್ನು ನೋಡಿ.

ಇನ್ನೊಂದು, ಅರ್ಧ ಕಡತ ಕಳಿಸುವುದು. ಶೇಪ್‌ಫೈಲ್ ಎಂಬುದು ಹೆಸರಿಗೆ ಒಂದು ಕಡತ, ನಿಜದಲ್ಲಿ ಹಲವು. ಎಸ್‌ಎಚ್‌ಪಿಯಲ್ಲಿ ಆಕಾರ, ಡಿಬಿಎಫ್‌ನಲ್ಲಿ ಹೆಸರು ಮತ್ತು ವಿವರ, ಪಿಆರ್‌ಜೆಯಲ್ಲಿ ಯಾವ ಲೆಕ್ಕ ಎಂಬ ಮಾತು. ವಾಟ್ಸ್‌ಆ್ಯಪ್‌ನಲ್ಲಿ ಎಸ್‌ಎಚ್‌ಪಿ ಒಂದನ್ನೇ ಕಳಿಸಿ 'ನೋಡಣ್ಣ' ಎನ್ನುವವರು ತುಂಬ. ಪಿಆರ್‌ಜೆ ಇಲ್ಲದ ನಕ್ಷೆ ಟಿಪ್ಪಣಿ ಕಳೆದುಹೋದ ಸರ್ವೆ ನಂಬರಿನ ಹಾಗೆ. ಎಲ್ಲವನ್ನೂ ಜಿಪ್ ಮಾಡಿ ಕಳಿಸಿ. ಒಂದೇ ಕಡತದಲ್ಲಿ ಎಲ್ಲವೂ ಇರುವ ಜಿಯೊಪ್ಯಾಕೇಜ್ ಇನ್ನೂ ಒಳ್ಳೆಯದು.

ಕನ್ನಡ ಹೆಸರುಗಳು ಚೌಕ, ಪ್ರಶ್ನೆಚಿಹ್ನೆ ಆಗುವುದಕ್ಕೂ ಇತಿಹಾಸವೇ ಕಾರಣ. ಹಳೆಯ ನುಡಿ, ಬರಹದ ಫಾಂಟುಗಳಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರದ ಜಾಗಗಳೇ. ಮೇಲೆ ಕನ್ನಡದ ವೇಷ. ಫಾಂಟ್ ಬದಲಾದರೆ ವೇಷ ಕಳಚುತ್ತದೆ. ಅದನ್ನು ಮೊದಲು ಯೂನಿಕೋಡ್‌ಗೆ ಬದಲಿಸಬೇಕು. ಯೂನಿಕೋಡ್ ಆಗಿದ್ದೂ ಚೌಕ ಬಂದರೆ ಲೇಯರಿನ ಎನ್‌ಕೋಡಿಂಗ್ 'ಯುಟಿಎಫ್–8' ಮಾಡಿ. ಶೇಪ್‌ಫೈಲಿನ ಕಂಬಸಾಲಿನ ತಲೆಬರಹಕ್ಕೆ ಇರುವುದು 10 ಬೈಟ್ ಜಾಗ. ಕನ್ನಡದ ಒಂದೊಂದು ಗುರುತಿಗೆ 3 ಬೈಟ್ ಬೇಕು. 'ನರಸಾಪುರ' ಎಂದು ತಲೆಬರಹ ಕೊಟ್ಟರೆ 'ನರಸ'ದಲ್ಲೇ ನಿಲ್ಲುತ್ತದೆ.

ವಿಸ್ತೀರ್ಣದ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ವೆಬ್ ನಕ್ಷೆಗಳು ಬಳಸುವ 3857 ಎಂಬ ಲೆಕ್ಕದಲ್ಲೇ ಅಳೆದರೆ ನಮ್ಮ ಅಕ್ಷಾಂಶದಲ್ಲಿ 100 ಎಕರೆ ಕೆರೆ 106 ಎಕರೆಯ ಹತ್ತಿರ ತೋರಿಸಬಹುದು. ಯುಟಿಎಂನಲ್ಲಿ, ತೊಳೆಯ ಅಂಚಿನಲ್ಲಿರುವ ನರಸಾಪುರದಲ್ಲೂ, 100 ಎಕರೆಗೆ ಬರುವ ಹೆಚ್ಚುವರಿ ಸುಮಾರು 7 ಗುಂಟೆ. ಒತ್ತುವರಿ ಎಷ್ಟು ಎಂದು ಯಾರಾದರೂ ನಕ್ಷೆ ಹಿಡಿದು ಅಂಕಿ ಹೇಳಿದರೆ ಯಾವ ಲೆಕ್ಕದಲ್ಲಿ ಅಳೆದಿರಿ ಎಂದು ಕೇಳುವುದು ಅಧಿಕಪ್ರಸಂಗ ಅಲ್ಲ.

ನಕ್ಷೆಯ ವಯಸ್ಸನ್ನೂ ಕೇಳಿ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವ ಮೊದಲು ಕೋಲಾರಕ್ಕೆ 11 ತಾಲ್ಲೂಕು. 2001ರ ಗಡಿ ಇರುವ ಕಡತ ಇಳಿಸಿಕೊಂಡರೆ ಗೌರಿಬಿದನೂರೂ ನಮ್ಮದೇ ಎಂದು ತೋರಿಸುತ್ತದೆ.

ಗ್ರಾಮ ನಕಾಶೆ ಯಾಕೆ ಕೂರುವುದಿಲ್ಲ

ಕೊನೆಯದು ಎಲ್ಲಕ್ಕಿಂತ ಮುಖ್ಯ. ಸರ್ವೆ ನಂಬರುಗಳಿರುವ ಗ್ರಾಮ ನಕಾಶೆಯ ಬೇರು ಲ್ಯಾಂಬ್ಟನ್‌ನ ತ್ರಿಕೋನದಲ್ಲಿಲ್ಲ. ಮೈಸೂರಿನಲ್ಲಿ 1863ರಿಂದ ನಡೆದ ಕಂದಾಯ ಸರ್ವೆಯಲ್ಲಿದೆ. ಅದರ ಉದ್ದೇಶ ಭೂಮಿಯ ಆಕಾರ ಅಲ್ಲ, ಕಂದಾಯ. 33 ಅಡಿ ಉದ್ದ, 33 ಅಡಿ ಅಗಲ ಒಂದು ಗುಂಟೆ ಎಂದು ಹೊಲದ ಮೇಲೆ ಸರಪಳಿ ಎಳೆದು, ಬಾಂದು ಕಲ್ಲು ನೆಟ್ಟು, ಒಂದೊಂದು ಊರನ್ನೂ ಬೇರೆ ಬೇರೆಯಾಗಿ ಬರೆದರು. ಡಿಗ್ರಿ, ರೇಖಾಂಶ ಯಾವುದೂ ಅದರಲ್ಲಿಲ್ಲ.

ಅಂಥ ಎರಡು ಊರಿನ ನಕಾಶೆಗಳನ್ನು ಉಪಗ್ರಹ ಚಿತ್ರದ ಮೇಲೆ ಹಾಸಿದರೆ ಅಂಚು ಕೂಡುವುದಿಲ್ಲ. ಒಂದು ಕಡೆ ಯಾರದ್ದೂ ಅಲ್ಲದ ಸಂದು, ಇನ್ನೊಂದು ಕಡೆ ಇಬ್ಬರದ್ದೂ ಆದ ಪಟ್ಟೆ. ಕಾಗದವೂ ನೂರು ವರ್ಷದಲ್ಲಿ ಕುಗ್ಗಿರುತ್ತದೆ, ಮಡಿಕೆ ಬಿದ್ದಿರುತ್ತದೆ. ಮೌಸ್ ಹಿಡಿದು ಎಳೆದು ಅಂಚು ಸೇರಿಸಿಬಿಟ್ಟರೆ ಪರದೆ ಮೇಲೆ ಚೆಂದ ಕಾಣುತ್ತದೆ. ಆದರೆ ಹಾಗೆ ಎಳೆದದ್ದು ಯಾರದ್ದೋ ಹೊಲ.

ಸರ್ಕಾರದ ದಿಶಾಂಕ್ ಆ್ಯಪ್ ಇಂಥ ನಕಾಶೆಗಳನ್ನೇ ಫೋನಿಗೆ ತಂದಿದೆ. ನಿಂತ ಜಾಗದ ಸರ್ವೆ ನಂಬರ್ ತಿಳಿಯಲು ಬಹಳ ಉಪಯೋಗ. ಆದರೆ ಬದುವಿನ ಜಗಳ ಅದರಲ್ಲಿ ತೀರುವುದಿಲ್ಲ. ಫೋನಿನ ಜಿಪಿಎಸ್ಸೇ ಕೆಲವು ಮೀಟರ್ ಆಚೀಚೆ. ಗಡಿ ಬೇಕಾದರೆ ಹದ್ದುಬಸ್ತಿಗೆ ಅರ್ಜಿ ಹಾಕಿ, ಭೂಮಾಪಕರು ಟಿಪ್ಪಣಿ, ಆಕಾರಬಂದ್ ಹಿಡಿದು ಬಂದು ಅಳೆಯಬೇಕು.

ನರಸಾಪುರದ ಸುತ್ತ ಹತ್ತು ಹದಿನೈದು ವರ್ಷದಲ್ಲಿ ಏನೆಲ್ಲ ಬಂತು ನೋಡಿ. ಹೆದ್ದಾರಿ, ಕೈಗಾರಿಕಾ ಪ್ರದೇಶ, ದೊಡ್ಡ ಕಾರ್ಖಾನೆಗಳು, ಪೈಪ್‌ಲೈನ್. ಎಲ್ಲವೂ ಮೊದಲು ಬಂದದ್ದು ಯಾರದ್ದೋ ಕಂಪ್ಯೂಟರಿನಲ್ಲಿ ಒಂದು ಗೆರೆಯಾಗಿ. ಮುಂದೆಯೂ ಬರುವುದು ಹಾಗೇ. ಆ ಗೆರೆ ನಿಮ್ಮ ಕೈಗೆ ಬಂದಾಗ ಮೂರು ಮಾತು ಕೇಳಿ. ಎಲ್ಲಿಂದ ಅಳೆದದ್ದು? ಯಾವಾಗ ಅಳೆದದ್ದು? ಇನ್ನೊಂದು ಕಡೆಯಿಂದ ತಾಳೆ ನೋಡಿದ್ದೀರಾ? ಕೊನೆಯ ಪ್ರಶ್ನೆಯನ್ನು ಲ್ಯಾಂಬ್ಟನ್ ತನಗೆ ತಾನೇ ಕೇಳಿಕೊಂಡಿದ್ದ. ನಾನು ಕೇಳಿಕೊಳ್ಳಲಿಲ್ಲ. ಆ ಹಿರಿಯರು ಕೇಳಿದರು.

ತಿದ್ದಿದ ನಕ್ಷೆಯನ್ನು ಮೊದಲು ಕಳಿಸಿದ್ದು ಅವರಿಗೇ. ಅವರ ಕೆರೆ ಇತ್ತು, ನೀರು ಬಾರದ ಕೆರೆಗಳ ಕೆಂಪು ಬಣ್ಣದಲ್ಲಿ. ಸ್ವಲ್ಪ ಹೊತ್ತಿನ ಮೇಲೆ ಫೋನ್ ಬಂತು.

"ಈಗ ಐತೆ. ನೀರು ಯಾವಾಗ ಅಂತ ಕೇಳಿ ಬರಿ."

ಆ ನೋಟ್‌ಬುಕ್‌ನ ಮುಂದಿನ ಪುಟದಲ್ಲಿ ಹೊಸ ಕಾಲಂ ಎಳೆದೆ: 43ಓ, 44ಓ. ಬೈಕ್ ತೆಗೆದುಕೊಂಡು ಮತ್ತೆ ಆ ಕಡೆಗೇ ಹೊರಟೆ.